ಸಾಕು ಅನ್ನುವವರೆಗೆ

ಎರಡನೆಯ ಬಲೂನೂ ಟುಸ್ಸಿಯ ಕೈಯಲ್ಲೇ ಒಡೆಯಿತು. ಕುರ್ಚಿ ಹತ್ತಿ ಗೋಡೆಗೆ ದಾರ ಕಟ್ಟುತ್ತಿದ್ದ ಅಲಂಕಾರದ ಅಕ್ಕ ಎತ್ತಿದ ಕೈಯನ್ನು ಎತ್ತಿಕೊಂಡೇ, ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಒರೆಸುತ್ತಿದ್ದ ಮನೆಯಾಕೆ ಬಟ್ಟೆಯನ್ನು ತಟ್ಟೆಗೆ ಒತ್ತಿಕೊಂಡೇ, ಒಳಕೋಣೆಯ ಮುಚ್ಚಿದ ಬಾಗಿಲಿನ ಕಡೆ ಕಿವಿಗೊಟ್ಟರು. ಟುಸ್ಸಿಯ ಕಿವಿ ಮಾತ್ರ ಆಗಷ್ಟೇ ಮುಗಿದ ಸದ್ದಿನಲ್ಲೇ ಇತ್ತು. ಢಬ್, ಎಂದುಕೊಂಡಳು ಮನಸ್ಸಿನಲ್ಲೇ. ಒಳ್ಳೇ ಮಾಲು. ಅವಳ ಬಲಗೈ ತಾನಾಗಿ ಮುಷ್ಟಿ ಕಟ್ಟಿ ಪಕ್ಕದಲ್ಲಿ ಒಂದು ಮಣಿಕಟ್ಟನ್ನು ಹುಡುಕಿತು. ಪಕ್ಕದಲ್ಲಿ ಯಾರೂ ಇರಲಿಲ್ಲ.

ಒಳಗೆ ಮಗು ಒಮ್ಮೆ ಮುಲುಗಿ, ಹೊರಳಿ, ಸುಮ್ಮನಾಯಿತು.

"ಅವಳಿಗೆ ಸದ್ದು ಅಂದ್ರೆ ಆಗಲ್ಲ ಅಂತ ಫೋನಲ್ಲೇ ಹೇಳಿದ್ನಲ್ಲಾ," ಎಂದಳು ಮನೆಯಾಕೆ ಪಿಸುದನಿಯಲ್ಲಿ. "ಮಿಕ್ಸಿ ಹಾಕಿದ್ರೆ ಮಂಚದ ಕೆಳಗೆ ಹೋಗಿ ಕೂತ್ಕೋತಾಳೆ. ಆದ್ರೂ ಹುಟ್ಟುಹಬ್ಬಕ್ಕೆ ಏನು ಬೇಕೇ ಅಂದ್ರೆ ಬಲೂನೇ ಬೇಕಂತೆ. ಎದ್ದು ಬಂದಾಗ ಈ ಕೋಣೆ ತುಂಬ ಬಲೂನಿರಬೇಕು. ಅವಳು ಹೆದರಬಾರದು. ಅಷ್ಟೇ ನಂಗೆ ಬೇಕಾಗಿರೋದು."

"ಇನ್ನೊಂದು ಒಡೆಯಲ್ಲಮ್ಮಾ, ನಾನಿದೀನಲ್ಲ," ಎನ್ನುತ್ತ ಅಕ್ಕ ಕುರ್ಚಿಯಿಂದ ಇಳಿದಳು. ಮನೆಯಾಕೆ ಒಳಗೆ ಹೋಗುವ ತನಕ ಕಾದು, ಟುಸ್ಸಿಯ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಏನೇ ಇದು?"

ಟುಸ್ಸಿ ನೆಲ ನೋಡಿದಳು.

"ಬಲೂನ್ ಕಾರ್ಖಾನೇಲೇ ಬೆಳೆದೋಳು ಅಂತ ಹೇಳಿದ್ರಲ್ಲ ನಿಮ್ಮ ತಾತ? ಇವಳಿಗೆ ಬಲೂನಿನ ವಿಷಯ ಯಾರೂ ಹೇಳ್ಕೊಡೋದು ಬೇಡ ಅಂದ್ರಪ್ಪ. ಅಲ್ಲಿ ಏನು ಮಾಡ್ತಿದ್ದೆ ನೀನು?"

"ಒಡೀತಿದ್ವಿ."

"ಏನು?"

"ಬಲೂನು. ಊದಿ ಊದಿ ಒಡೀತಿದ್ವಿ ಅಕ್ಕಾ. ನಾನೂ ತಾತನೂ."

ತಮಾಷೆ ಮಾಡುತ್ತಿದ್ದಾಳೋ ಏನೋ ಎಂದು ಅಕ್ಕ ಅವಳ ಮುಖವನ್ನೇ ನೋಡಿದಳು. ತಮಾಷೆಯ ಗುರುತು ಎಲ್ಲೂ ಕಾಣಲಿಲ್ಲ. "ಎಲ್ಲಾನೂವಾ?"

"ನಮ್ಮ ಕೈಗೆ ಬಂದಿದ್ದೆಲ್ಲಾನೂ."

"ಭೇಷ್. ಅಡುಗೆ ಬರುತ್ತೇನಮ್ಮಾ ಅಂತ ಕೇಳಿದ್ರೆ ಪಾತ್ರೆ ಒಡೆಯೋಕೆ ಬರುತ್ತೆ ಅಂದಂಗಾಯ್ತು." ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಸಿಟ್ಟೋ ತಿಳಿಯಲಿಲ್ಲ. "ಗಂಟು ಹಾಕೋಕಾದ್ರೂ ಬರುತ್ತಾ?"

ಟುಸ್ಸಿ ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ಚೀಲದಿಂದ ಒಂದು ಹಳದಿ ಬಲೂನು ತೆಗೆದು, ಕೈಪಂಪಿನಿಂದ ಗಾಳಿ ತುಂಬಿ, ಅದರ ಕುತ್ತಿಗೆಯನ್ನು ಎಳೆದಳು. "ಇಲ್ನೋಡು. ಎರಡು ಬೆರಳಿಗೆ ಸುತ್ತು, ತುದೀನ ಒಳಗೆ ತೂರ್ಸು, ಬೆರಳು ಹೊರಗೆ ಎಳ್ಕೋ. ಆಯ್ತು." ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಬಿದ್ದಿತ್ತು. "ನೋಡಮ್ಮಾ, ಸಂಜೆ ಹೊತ್ತಿಗೆ ನಿನ್ನ ಕೈ ಪಳಗಿದ್ರೆ ನಾಳೆಯಿಂದ ಬಾ. ಇಲ್ಲಾಂದ್ರೆ ಬೇಜಾರು ಮಾಡ್ಕೋಬೇಡ, ಬೇರೆ ಹುಡುಗೀನ ನೋಡಿಟ್ಟಿದೀನಿ. ಒಡೆಯೋ ಕೈನ ಕಟ್ಕೊಂಡು ನಾನು ಮನೆಮನೆ ಹೇಗೆ ತಿರುಗ್ಲಿ ಹೇಳು?"

ಗಾಡಿಯಿಂದ ಕಮಾನಿನ ಚೌಕಟ್ಟು ತರುತ್ತೇನೆಂದು ಅಕ್ಕ ಮೆಟ್ಟಿಲಿಳಿದು ಹೋದಳು. ಟುಸ್ಸಿ ಚೀಲದ ಪಕ್ಕದಲ್ಲಿ ಒಬ್ಬಳೇ ಉಳಿದಳು. ಕಾರ್ಖಾನೆ ಮುಚ್ಚಿದ ಮೇಲೆ ಅವಳು ಕೆಲಸಕ್ಕೆಂದು ಹೋದ ಮೂರನೆಯ ಜಾಗ ಇದು. ಬಟ್ಟೆಯಂಗಡಿಯಲ್ಲಿ ಬಂದವರನ್ನು ಬನ್ನಿ ಎಂದು ಕರೆಯಲು ಬಾಯಿ ಬರಲಿಲ್ಲ. ಔಷಧಿಯಂಗಡಿಯಲ್ಲಿ ಅವಳು ಹೇಳಿದ್ದು ಗಿರಾಕಿಗಳಿಗೆ ಕೇಳಿಸುತ್ತಿರಲಿಲ್ಲ. ಇಲ್ಲಿ ಬಾಯಿ ಬೇಡ, ಕೈ ಇದ್ದರೆ ಸಾಕು ಎಂದು ಅಮ್ಮ ಹುರಿದುಂಬಿಸಿ ಕಳಿಸಿದ್ದಳು. ತಾತನಂತೂ ಒಗೆದ ಅಂಗಿ ಹಾಕಿಕೊಂಡು ತಾನೇ ಬಂದು ಅಕ್ಕನ ಹತ್ತಿರ ಮಾತಾಡಿದ್ದ. ಅಷ್ಟು ಜಂಬದಿಂದ ಅವನು ಮಾತಾಡಿದ್ದನ್ನು ಅವಳು ಬಹಳ ದಿನಗಳಿಂದ ಕೇಳಿರಲಿಲ್ಲ. ಈಗ ಸಂಜೆ ಬರಿಗೈ ಮಾಡಿಕೊಂಡು ಹೋಗಿ, ಬಲೂನಿನ ಕೆಲಸವೂ ನನಗೆ ಬರುವುದಿಲ್ಲವಂತೆ ತಾತಾ ಎಂದು ಹೇಳುವುದು ಹೇಗೆ?

ಅವಳ ಬೆರಳಿಗೆ ಅಂಟಿದ್ದ ಬಿಳಿಪುಡಿಯ ವಾಸನೆ ಮೂಗಿಗೆ ಬಂತು. ಅದೇ ವಾಸನೆ.

ಊರಂಚಿನ ಆ ಕಾರ್ಖಾನೆ, ಕಾರ್ಖಾನೆ ಅನ್ನುವಷ್ಟು ದೊಡ್ಡದೇನೂ ಆಗಿರಲಿಲ್ಲ. ತಗಡಿನ ಮಾಡಿನ ಒಂದು ಉದ್ದನೆಯ ಶೆಡ್ಡು, ಅದರ ಮಗ್ಗುಲಿಗೆ ಒಂದು ಚಿಕ್ಕ ಕೋಣೆ. ಶೆಡ್ಡಿನಲ್ಲಿ ಹಲಗೆಗೆ ಸಾಲಾಗಿ ಜೋಡಿಸಿದ ಅಚ್ಚುಗಳನ್ನು, ಬಣ್ಣ ಬೆರೆಸಿದ ರಬ್ಬರ್ ಹಾಲಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದರು. ಬಿಸಿಗಾಳಿಯಲ್ಲಿ ಒಣಗಿದ ಮೇಲೆ ಹೆಂಗಸರು ಪುಡಿ ಸವರಿ, ಕಾಲುಚೀಲ ಕಳಚಿದ ಹಾಗೆ ಒಂದೊಂದೇ ಬಲೂನನ್ನು ಕಳಚುತ್ತಿದ್ದರು. ಪ್ರತಿ ಹಲಗೆಯಿಂದಲೂ ಒಂದು ಹಿಡಿ ಬಲೂನು ಚಿಕ್ಕ ಕೋಣೆಗೆ ಬರುತ್ತಿತ್ತು. ಅಲ್ಲಿ ಸ್ಟೂಲಿನ ಮೇಲೆ ತಾತ. ಕಾಲ ಕೆಳಗೆ ಪಂಪು, ಎದುರಿಗೆ ಮೇಜಿಗೆ ಬಿಗಿದ ಹಿತ್ತಾಳೆಯ ನಳಿಗೆ. ಬಲೂನಿನ ಬಾಯಿಯನ್ನು ನಳಿಗೆಗೆ ತೊಡಿಸುವುದು, ಒಡೆಯುವ ತನಕ ತುಳಿಯುವುದು, ಗೋಡೆಯ ಕಿಂಡಿಯಿಂದ ಶೆಡ್ಡಿಗೆ ಕೇಳುವಂತೆ ಒಂದೇ ಒಂದು ಮಾತು ಕೂಗುವುದು. ಇಷ್ಟೇ ಅವನ ಕೆಲಸ.

ಆ ಮಾತಿನ ಮೇಲೆ ಇಡೀ ಶೆಡ್ಡು ನಡೆಯುತ್ತಿತ್ತು. "ಟುಸ್" ಎಂದರೆ ಒಡೆಯುವ ಮೊದಲೇ ಎಲ್ಲಿಂದಲೋ ಗಾಳಿ ಸೋರಿತು, ಹಾಲಿನಲ್ಲಿ ನೊರೆಯಿದೆ, ಕೆನೆ ತೆಗೆಯಿರಿ. "ಪಟ್" ಎಂದರೆ ಪೂರ್ತಿ ಹಿಗ್ಗುವ ಮುಂಚೆಯೇ ಹೋಯಿತು, ಹಾಲು ನೀರಾಗಿದೆ. "ಬಿರೀತು" ಎಂದರೆ ಒಂದೇ ಗೆರೆಯಾಗಿ ಸೀಳಿಕೊಂಡಿತು, ಅಚ್ಚಿಗೆ ಯಾರದೋ ಎಣ್ಣೆಕೈ ತಗಲಿದೆ. "ಸಿಡೀತು" ಎಂದರೆ ಚೂರುಚೂರಾಗಿ ಮೂಲೆಮೂಲೆಗೆ ಹಾರಿತು, ಒಲೆಯ ಬಿಸಿ ಜಾಸ್ತಿಯಾಗಿ ರಬ್ಬರು ಗರಿಗರಿಯಾಗಿದೆ. ಎಲ್ಲ ಸರಿಯಿದ್ದು, ತಾತನ ತಲೆಯನ್ನು ಮರೆಮಾಡುವಷ್ಟು ದೊಡ್ಡದಾಗಿ, ಕೊನೆಗೆ ತುಂಬುಗಂಟಲಲ್ಲಿ ಒಡೆದರೆ ಅದು "ಢಬ್". ಢಬ್ ಎಂದು ಕೂಗಿದರೆ ಶೆಡ್ಡಿನಲ್ಲಿ ಯಾರೂ ತಲೆಯೆತ್ತುತ್ತಿರಲಿಲ್ಲ. ತಾತನಿಗೆ ಢಬ್ ತಾತ ಎಂದೇ ಹೆಸರು ಬಿದ್ದಿತ್ತು. ಬಾಗಿಲಲ್ಲಿ ನಿಂತು ಅವನ ನಿಜವಾದ ಹೆಸರು ಹೇಳಿ ಕೇಳಿದವರಿಗೆ, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಹೇಳಿ ಕಳಿಸಿದ್ದೂ ಉಂಟಂತೆ.

ಮಾತುಗಳು ತಾತನ ಅಂಗಿಯ ಪುಡಿಯ ಜೊತೆಗೆ ಮನೆಗೂ ಬರುತ್ತಿದ್ದವು. ಅಮ್ಮ ಪಾತ್ರೆ ಕುಕ್ಕತೊಡಗಿದರೆ ಚಿಕ್ಕಪ್ಪ ಬಾಗಿಲಲ್ಲೇ ಚಪ್ಪಲಿ ಬಿಡುತ್ತ, "ಅತ್ತಿಗೆ ಇವತ್ತು ಪಟ್ಟೋ, ಸಿಡಿಯೋದೋ?" ಎಂದು ತಾತನನ್ನು ಕೇಳುತ್ತಿದ್ದ. "ಸದ್ಯಕ್ಕೆ ಹಿಗ್ತಾ ಇದೆ, ದೂರ ಕೂತ್ಕೋ" ಎನ್ನುತ್ತಿದ್ದ ತಾತ. ಚಿಕ್ಕಪ್ಪನ ಮದುವೆಯ ಮಾತು ಮೂರು ಸಲ ಟುಸ್ ಆಗಿ ನಾಲ್ಕನೆಯ ಸಲ ಢಬ್ ಎಂದಿತು. ಕಿಟಕಿಯ ಪಕ್ಕದ ಮೊಳೆಗೆ ಸಿಕ್ಕಿ ಅಮ್ಮನ ಹೊಸ ಬಟ್ಟೆ ಉದ್ದಕ್ಕೆ ಹರಿದಾಗ, ತಾತ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ, "ಬಿರಿದಿದ್ದು. ಅಚ್ಚಿನ ತಪ್ಪು" ಎಂದ. "ಅಚ್ಚಿನ ತಪ್ಪಲ್ಲ ಮಾವ, ಮೊಳೇದು. ಆ ಮೊಳೆ ಕೀಳಿ ಕೀಳಿ ಅಂತ ಹೇಳ್ತಾನೇ ಇದೀನಿ" ಎಂದು ಅಮ್ಮ ನಿಜಕ್ಕೂ ಸಿಡಿದಳು. ಮೊಳೆ ಅಲ್ಲೇ ಇತ್ತು. ಎಲ್ಲರೂ ಹೊಟ್ಟೆ ಬಿರಿಯೆ ನಕ್ಕಿದ್ದರು, ಕೊನೆಗೆ ಅಮ್ಮನೂ. ಹುಟ್ಟಿದಾಗ ಜೋರಾಗಿ ಅಳದೆ ಒಂದು ಸಲ ಉಸ್ಸೆಂದು ಸುಮ್ಮನಾದ ಮಗುವಿಗೆ ಟುಸ್ಸಿ ಎಂದು ಹೆಸರಿಟ್ಟವನೂ ತಾತನೇ. ಶಾಲೆಯಲ್ಲಿ ಬೇರೆ ಹೆಸರಿತ್ತು. ಹಾಜರಿ ಕೂಗಿದಾಗ ಆ ಹೆಸರಿಗೆ ಇವಳ ದನಿ ಏಳುತ್ತಲೇ ಇರಲಿಲ್ಲ. ದನಿ ಏಳದೆ ಏಳದೆ ಒಂದು ದಿನ ಶಾಲೆಗೆ ಹೋಗುವುದೇ ನಿಂತುಹೋಯಿತು.

ಅದೇ ಹೊತ್ತಿಗೆ ತಾತನ ಕಿವಿ ಹೋಗತೊಡಗಿತ್ತು. ಜೀವಮಾನವಿಡೀ ಮೂಗಿನ ತುದಿಯಲ್ಲಿ ಒಡೆದದ್ದನ್ನೆಲ್ಲ ಕೇಳಿ ಕೇಳಿ, ಮೊದಲು ಬಲಗಿವಿ, ಆಮೇಲೆ ಎಡಗಿವಿ. ಪಟ್‌ಗೂ ಢಬ್‌ಗೂ ವ್ಯತ್ಯಾಸ ಸಿಗದೆ ಹೋದ ದಿನ ಅವನು ಯಾರಿಗೂ ಹೇಳಲಿಲ್ಲ. ಬುತ್ತಿ ಕೊಡಲು ಹೋಗಿದ್ದ ಟುಸ್ಸಿಯ ಕಡೆ ತಿರುಗಿ, ತುಟಿ ಅಲುಗಿಸದೆ, "ಏನಂತು?" ಎಂದು ಕೇಳಿದ. ಅವಳಿಗೆ ಬಾಯಿ ಬರಲಿಲ್ಲ. ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿನಿಂದ ಪಟ್ಟೆಂದು ತಟ್ಟಿದಳು. ತಾತ ಕಿಂಡಿಗೆ ಬಾಯಿಟ್ಟು "ಪಟ್!" ಎಂದು ಕೂಗಿದ.

ಮರುದಿನದಿಂದ ಅವಳು ಅವನ ಪಕ್ಕದ ಸ್ಟೂಲಿನಲ್ಲಿ ಕೂತಳು. ಟುಸ್ ಎಂದರೆ ಒಂದು ಬೆರಳು, ಪಟ್ ಎಂದರೆ ಎರಡು. ಬಿರಿದರೆ ಉಗುರಿನಿಂದ ಒಂದು ಗೆರೆ. ಸಿಡಿದರೆ ಐದೂ ಬೆರಳು ಅಗಲಿಸಿ ಒತ್ತು. ಢಬ್ ಎಂದರೆ ಮುಷ್ಟಿ. ಕಿವಿ ಅವಳದು, ಗಂಟಲು ತಾತನದು. ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಮಾಲೀಕರಿಗೂ ಗೊತ್ತಿತ್ತು. ಯಾರೂ ಆಡಿ ತೋರಿಸಲಿಲ್ಲ. ತಾತ ಸುಸ್ತಾದಾಗ ಪಂಪು ಅವಳು ತುಳಿಯುತ್ತಿದ್ದಳು. ಮಧ್ಯಾಹ್ನದ ಬಿಸಿಲು ಕಿಂಡಿಯಿಂದ ಬಂದು ಹಿಗ್ಗಿದ ಬಲೂನಿನೊಳಗೆ ನಿಂತರೆ ಕೋಣೆಯೆಲ್ಲ ಕೆಂಪಾಗುತ್ತಿತ್ತು, ಇಲ್ಲವೆ ಹಸಿರಾಗುತ್ತಿತ್ತು. ಒಂದು ಗಳಿಗೆ ತಾತನ ಬಿಳಿಗಡ್ಡವೂ ಹಸಿರು. ಆಮೇಲೆ ಢಬ್. ಆಮೇಲೆ ಬರೀ ಬಿಸಿಲು. ಮಾತಾಡಬೇಕಾದ ಅಗತ್ಯವೇ ಇಲ್ಲದ ಅಂಥ ಜಾಗ ಲೋಕದಲ್ಲಿ ಇನ್ನೊಂದಿರಲಿಕ್ಕಿಲ್ಲ ಎಂದು ಅವಳಿಗೆ ಈಗಲೂ ಅನ್ನಿಸುತ್ತಿತ್ತು.

ಅಷ್ಟೆಲ್ಲ ಬಲೂನು ಮುಟ್ಟಿದ ಆ ಕೈಗಳಿಗೆ ಒಂದನ್ನಾದರೂ ಒಡೆಯದೆ ಬಿಟ್ಟು ಗೊತ್ತಿರಲಿಲ್ಲ. ಒಂದು ಸಲ ಬಿಟ್ಟು.

ಅದು ಕಾರ್ಖಾನೆಯ ಕೊನೆಯ ದಿನ. ಹೊರಗಿನಿಂದ ಬರುವ ಅಗ್ಗದ ಮಾಲಿನ ಮುಂದೆ ತಡೆಯಲಾರದೆ ಮಾಲೀಕರು ಶೆಡ್ಡನ್ನು ಮಾರಿದ್ದರು. ತೊಟ್ಟಿಯ ತಳದ ಹಾಲಿನಲ್ಲಿ ಕೊನೆಯ ಹಲಗೆ ಅದ್ದಿ, ಒಣಗಿಸಿ, ಹೆಂಗಸರು ಕೈ ತೊಳೆದುಕೊಂಡು ಹೋಗಿದ್ದರು. ಕಿಂಡಿಯ ಆಚೆ ಕೂಗಿದರೆ ಕೇಳುವವರು ಯಾರೂ ಉಳಿದಿರಲಿಲ್ಲ. ಆದರೂ ತಾತ ತನ್ನ ಪಾಲಿನ ಹಿಡಿಯನ್ನು ಒಂದೊಂದಾಗಿ ತುಳಿದ, ಅವಳು ಮಣಿಕಟ್ಟು ತಟ್ಟಿದಳು, ಅವನು ಖಾಲಿ ಶೆಡ್ಡಿಗೆ ಕೂಗಿದ. ಕಟ್ಟಕಡೆಯದು ನೀಲಿ. ತಾತ ತುಳಿಯುತ್ತ ತುಳಿಯುತ್ತ ನಡುವೆ ಕಾಲು ನಿಲ್ಲಿಸಿದ. ಮುಷ್ಟಿ ಕಟ್ಟಿಕೊಂಡು ಕಾಯುತ್ತಿದ್ದ ಟುಸ್ಸಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅವನು ಬಲೂನನ್ನು ನಳಿಗೆಯಿಂದ ಮೆಲ್ಲಗೆ ಬಿಡಿಸಿ, ಕುತ್ತಿಗೆ ಚಿವುಟಿ ಹಿಡಿದು, "ನಡಿ" ಎಂದ.

ಗಂಟು ಹಾಕಲು ಇಬ್ಬರಿಗೂ ಬರುತ್ತಿರಲಿಲ್ಲ. ದಾರಿಯುದ್ದಕ್ಕೂ ಚಿವುಟಿಕೊಂಡೇ ನಡೆದರು. ತಾತನ ಬೆರಳು ನೊಂದರೆ ಅವಳು, ಅವಳ ಬೆರಳು ನೊಂದರೆ ತಾತ. ಕೈ ಬದಲಾಯಿಸುವಾಗೆಲ್ಲ ಅದು ಸ್ವಲ್ಪ ಗಾಳಿ ಕಕ್ಕಿ ಪುರ್ರೆನ್ನುತ್ತಿತ್ತು. ಎದುರಿಗೆ ಬಂದವರು ತಿರುಗಿ ನೋಡಿ ನಗುತ್ತಿದ್ದರು. ಮನೆಗೆ ಬಂದ ಮೇಲೆ ಅಮ್ಮ ಹೊಲಿಗೆಯ ದಾರದಿಂದ ಬಿಗಿದು ಕಟ್ಟಿ, ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದಳು. ಬೆಳಗ್ಗೆ ನೋಡಿದರೆ ದಾರ ರಬ್ಬರನ್ನು ಕೊಯ್ದು, ನೀಲಿ ಬಲೂನು ಒಣಹಾಕಿದ ಕಾಲುಚೀಲದ ಹಾಗೆ ಜೋತುಬಿದ್ದಿತ್ತು. "ಟುಸ್" ಎಂದಳು ಅಮ್ಮ. ತಾತ ನಗಲಿಲ್ಲ. ಅದನ್ನು ಮೊಳೆಯಿಂದ ತೆಗೆದು ಮಡಚಿ ಎಲ್ಲೋ ಇಟ್ಟ. ಮತ್ತೆಂದೂ ಅದರ ಮಾತೆತ್ತಲಿಲ್ಲ.

ಅವತ್ತು ತಾತನ ಕಾಲು ಎಲ್ಲಿ ನಿಂತಿತು? ಬಲೂನು ಎಷ್ಟು ಹಿಗ್ಗಿತ್ತು? ಅದು ನೆನಪಾದರೆ ಈ ಹೊತ್ತಿನ ಕೆಲಸ ಆಗುತ್ತಿತ್ತು. ಟುಸ್ಸಿ ಕಣ್ಣು ಮುಚ್ಚಿ ನೋಡಿದಳು. ಎಷ್ಟು ನೋಡಿದರೂ ತಾತನ ಮುಖವೇ ಕಾಣುತ್ತಿತ್ತು. ಅವತ್ತು ಅವಳು ಬಲೂನನ್ನು ನೋಡಿಯೇ ಇರಲಿಲ್ಲ.

ಚೀಲದಿಂದ ಒಂದು ಕೆಂಪು ಬಲೂನು ತೆಗೆದಳು. ಪಂಪಿಗೆ ಬಾಯಿ ತೊಡಿಸಿ, ಹೆದರಿ ಹೆದರಿ ನಾಲ್ಕು ಸಲ ಒತ್ತಿ ನಿಲ್ಲಿಸಿದಳು. ಚೌಕಟ್ಟು ಹೊತ್ತು ಒಳಗೆ ಬಂದ ಅಕ್ಕ ಅದನ್ನು ನೋಡಿದಳು.

"ಇದೇನೇ, ಬದನೆಕಾಯಾ? ಇನ್ನೂ ಊದು. ಸುಕ್ಕು ಹೋಗಬೇಕು, ದುಂಡಗಾಗಬೇಕು."

ಟುಸ್ಸಿ ಒತ್ತಿದಳು. ಸುಕ್ಕು ಹೋಯಿತು. ದುಂಡಗಾಯಿತು. ರಬ್ಬರು ತೆಳ್ಳಗಾಗಿ, ಆಚೆಯ ಕಿಟಕಿ ಕೆಂಪಗೆ ಕಾಣತೊಡಗಿತು. ಅಷ್ಟು ಹೊತ್ತಿಗೆ ಕೈ ಅವಳದಾಗಿ ಉಳಿದಿರಲಿಲ್ಲ. ಅದಕ್ಕೆ ಗೊತ್ತಿದ್ದುದು ಮುಂದಕ್ಕೆ ಹೋಗುವುದೊಂದೇ. ಅಕ್ಕ "ಏಯ್" ಎಂದು ಕೈ ಚಾಚುವಷ್ಟರಲ್ಲಿ ಒಡೆಯಿತು. ಒಂದೇ ಗೆರೆ. ಬಿರೀತು.

ಈ ಸಲ ಒಳಗಿನಿಂದ ಮಗು ಚೀರಿದ್ದು ಕೇಳಿಸಿತು. ಅಳು ಕಟ್ಟೆಯೊಡೆದು ಬಂತು. ಮನೆಯಾಕೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿದಳು. ಅಕ್ಕ ಚೌಕಟ್ಟನ್ನು ಗೋಡೆಗೊರಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ದನಿ ತಗ್ಗಿಸಿ, "ನೀನು ಪಂಪು ಕೆಳಗಿಡಮ್ಮಾ," ಎಂದಳು. ಬೈದಿದ್ದರೆ ವಾಸಿಯಿತ್ತು.

ಟುಸ್ಸಿ ಪಂಪು ಕೆಳಗಿಟ್ಟಳು. ಮಾಡಲು ಬೇರೆ ಕೆಲಸವಿಲ್ಲದೆ ನೆಲದ ಮೇಲೆ ಬಿದ್ದಿದ್ದ ಕೆಂಪು ಚೂರನ್ನು ಎತ್ತಿಕೊಂಡಳು. ಅಷ್ಟರಲ್ಲಿ ಒಳಬಾಗಿಲು ತೆರೆದುಕೊಂಡಿತು. ಕಣ್ಣು ಮೂಗು ಒಂದು ಮಾಡಿಕೊಂಡು ಅಳುತ್ತಿದ್ದ ಪುಟ್ಟ ಹುಡುಗಿ ಅಮ್ಮನ ಸೊಂಟದ ಮೇಲಿದ್ದಳು. ಎರಡೂ ಕೈ ಕಿವಿಯ ಮೇಲೆ. "ಏನೂ ಇಲ್ಲ ಚಿನ್ನಾ, ಬಲೂನು ಒಡೀತು, ಅಷ್ಟೇ. ಈ ಆಂಟೀನ ಮನೆಗೆ ಕಳಿಸ್ಬಿಡೋಣ, ಹಾಂ?" ಎಂದು ಅಮ್ಮ ಬೆನ್ನು ಸವರುತ್ತಿದ್ದಳು.

ಟುಸ್ಸಿಗೆ ತಲೆಯೆತ್ತಲು ಆಗಲಿಲ್ಲ. ಅವಳ ಕೈ ಚೂರನ್ನು ಎಳೆದು ತುಟಿಗೆ ತಂದಿತು. ಕಾರ್ಖಾನೆಯಲ್ಲಿ ಊಟದ ಹೊತ್ತಿನಲ್ಲಿ ಕೂತಲ್ಲಿ ಮಾಡುತ್ತಿದ್ದುದು ಅದೇ. ಒಡೆದ ಚೂರನ್ನು ಬಾಯಿಗಿಟ್ಟು ಒಳಕ್ಕೆ ಉಸಿರೆಳೆದರೆ ಒಂದು ಪುಟ್ಟ ಗುಳ್ಳೆ. ಬುಡ ತಿರುಚಿದರೆ ಗೋಲಿಯಷ್ಟು ದೊಡ್ಡ ಬಲೂನು. ಅದನ್ನು ಹಣೆಗೆ ಕುಟ್ಟಿದರೆ ಚಿಟ್.

ಚಿಟ್.

ಅಳು ಒಮ್ಮೆ ತಡವರಿಸಿತು. ಟುಸ್ಸಿ ಓರೆಗಣ್ಣಿನಲ್ಲಿ ನೋಡಿದಳು. ಮಗು ಅವಳ ಹಣೆಯನ್ನೇ ನೋಡುತ್ತಿತ್ತು. ಇನ್ನೊಂದು ಗುಳ್ಳೆ ಮಾಡಿ ಮೂಗಿನ ಮೇಲೆ ಕುಟ್ಟಿಕೊಂಡಳು. ಚಿಟ್. ಮಗುವಿನ ಒಂದು ಕೈ ಕಿವಿಯಿಂದ ಇಳಿಯಿತು.

"ಏನಂತು?" ಎಂದಳು ಟುಸ್ಸಿ. ತನ್ನ ದನಿ ತನಗೇ ಕೇಳಿ ಅವಳಿಗೆ ಗಾಬರಿಯಾಯಿತು. ತಾತನ ಹಾಗೇ ಕೇಳಿದ್ದಳು, ತುಟಿ ಅಲುಗಿಸದೆ.

ಮಗು ಯೋಚಿಸಿತು. "ಚಿಟ್ಟಿ," ಎಂದಿತು ಬಿಕ್ಕುತ್ತ.

"ಬಲೂನಿನ ಮರೀನಾ?"

"ಹೂಂ. ಮರಿ."

"ಮತ್ತೆ ದೊಡ್ಡದು?"

ಮಗು ಬಾಗಿಲ ಹೊರಗಿನ ಲೋಕವನ್ನೆಲ್ಲ ಸೇರಿಸಿ ತೋರಿಸುವಂತೆ ಕೈ ಅಗಲಿಸಿತು. "ಅದು ಬೈಯತ್ತೆ. ನಂಗೆ ಬೇಡ."

"ನಂಗೂ ಬೇಡ," ಎಂದಳು ಟುಸ್ಸಿ. "ಆದ್ರೆ ನಂಗೆ ನಿಲ್ಸೋಕೆ ಬರಲ್ಲ. ನಂಗೆ ಯಾರೂ ಹೇಳೇ ಇಲ್ಲ. ನೀನು ಹೇಳ್ತೀಯಾ?"

ಅಕ್ಕ ಮನೆಯಾಕೆಯ ಮುಖ ನೋಡಿದಳು. ಮನೆಯಾಕೆ ಅಕ್ಕನ ಮುಖ ನೋಡಿದಳು. ಮಗು ಅಮ್ಮನ ಸೊಂಟದಿಂದ ಜಾರಿಳಿದು, ಆದರೂ ಒಂದು ಕೈಯಲ್ಲಿ ಅಮ್ಮನ ಬಟ್ಟೆ ಹಿಡಿದುಕೊಂಡು, ದೂರದಲ್ಲೇ ನಿಂತಿತು. ಟುಸ್ಸಿ ಹಸಿರು ಬಲೂನೊಂದನ್ನು ಪಂಪಿಗೆ ತೊಡಿಸಿದಳು. ಅವಳು ಈಗ ಬಲೂನನ್ನು ನೋಡುತ್ತಿರಲಿಲ್ಲ, ಆ ಪುಟ್ಟ ಮುಖವನ್ನು ನೋಡುತ್ತಿದ್ದಳು. ಒತ್ತಿದಳು. ಹುಬ್ಬು ಮೇಲೇರಿತು. ಒತ್ತಿದಳು. ಬಾಯಿ ತೆರೆಯಿತು. ಒತ್ತಿದಳು. ಎರಡೂ ಕೈ ಕಿವಿಗೆ ಹೋದವು.

"ಸಾಕು! ಸಾಕು ಸಾಕು!"

ಕೈ ನಿಂತಿತು. ಅವಳೇ ಬೆಚ್ಚಿಬೀಳುವಂತೆ ನಿಂತಿತು. ಬಲೂನು ದುಂಡಗೆ, ಹಸಿರಗೆ, ಏನೂ ಆಗದೆ ಅಲ್ಲೇ ಇತ್ತು.

"ಗಂಟು," ಎಂದಳು ಅಕ್ಕ ಹಿಂದಿನಿಂದ ಮೆಲ್ಲಗೆ. "ಎರಡು ಬೆರಳಿಗೆ ಸುತ್ತು. ಹಾಂ. ತೂರ್ಸು. ಅಯ್ಯೋ ಅದು ನಿನ್ನ ಬೆರಳು ಕಣೇ, ಅದನ್ನೂ ಸೇರಿಸಿ ಯಾಕೆ ಕಟ್ತೀಯ?" ಮೊದಲ ಸಲ ಬೆರಳು ಗಂಟಿನೊಳಗೇ ಸಿಕ್ಕಿಬಿತ್ತು. ಮಗು ಕಿಲಕಿಲನೆ ನಕ್ಕಿತು. ಎರಡನೆಯ ಸಲ ಪುರ್ರೆಂದು ತಪ್ಪಿಸಿಕೊಂಡು ಫ್ಯಾನಿನ ತನಕ ಹೋಗಿ ಬಂತು. ಅದಕ್ಕೂ ನಗು. ಮೂರನೆಯ ಸಲ ಗಂಟು ಬಿತ್ತು. ಟುಸ್ಸಿ ಅದರ ಮೇಲೆ ಹೆಬ್ಬೆರಳು ಸವರಿದಳು. ಬಟಾಣಿ ಕಾಳಿನಷ್ಟು ಗಟ್ಟಿಯಾಗಿತ್ತು.

ಆಮೇಲೆ ಕೆಲಸ ಸಾಗಿತು. ಅಕ್ಕ ಕಮಾನು ಕಟ್ಟಿದಳು, ಟುಸ್ಸಿ ಊದಿದಳು, ಮಗು ಯಜಮಾನಿಯ ಹಾಗೆ ಕುರ್ಚಿಯ ಮೇಲೆ ಕೂತು ಸಾಕು ಸಾಕು ಎಂದು ಆಜ್ಞೆ ಮಾಡಿತು. ಒಂದೆರಡು ಬಲೂನು ನಿಂಬೆಹಣ್ಣಿನಷ್ಟಿರುವಾಗಲೇ ಸಾಕು ಎಂದಿತು. ಅವನ್ನೂ ಹಾಗೇ ಗಂಟು ಹಾಕಿ ಕಮಾನಿನ ತುದಿಗೆ ಕಟ್ಟಿದರು. ಎಚ್ಚರವಾದಾಗ ಕಾಣಬೇಕಿದ್ದ ಕೋಣೆ ಮಗುವಿನ ಕಣ್ಣೆದುರಿಗೇ ತುಂಬುತ್ತ ಹೋಯಿತು. ಮನೆಯಾಕೆ ಒಮ್ಮೆ ಇಣುಕಿ, "ನಾನೇನೋ ಅಂದ್ಕೊಂಡಿದ್ದೆ, ಇದೇನೋ ಆಯ್ತು" ಎಂದು ಕೇಕಿನ ಮೇಲೆ ಮುಚ್ಚಳ ಹಾಕಲು ಹೋದಳು. ಕೊನೆಕೊನೆಗೆ ಮಗು ಕಮಾನಿನ ಕೆಳಗೆ ಆಡಲು ಓಡಿತು. ಸಾಕು ಎನ್ನಲು ಯಾರೂ ಇಲ್ಲದಾಗ ಟುಸ್ಸಿ ತನ್ನಷ್ಟಕ್ಕೆ ಅದನ್ನು ಹೇಳಿಕೊಂಡಳು, ಒಳಗೊಳಗೇ. ಕೈ ಕೇಳಿಸಿಕೊಂಡಿತು.

ಸಾಮಾನು ಗಾಡಿಗೆ ಹಾಕುವಾಗ ಅಕ್ಕ, "ನಾಳೆ ಬೇಗ ಬಾ. ಮಗೂನ ಜೊತೆಗೆ ಕರ್ಕೊಂಡು ಬರೋಕಾಗಲ್ಲ, ನೆನಪಿರಲಿ," ಎಂದಳು. ಟುಸ್ಸಿ ಹೂಂಗುಟ್ಟಿ, ಆದರೂ ಹೋಗದೆ ನಿಂತಳು. "ಏನೇ?" "ಒಂದು ಬಲೂನು ಊದಿ ತಗೊಂಡ್ಹೋಗ್ಲಾ ಅಕ್ಕಾ? ನೀಲಿ ಬಣ್ಣದ್ದು." "ತಗೊಂಡ್ಹೋಗು ಮಾರಾಯ್ತಿ. ದಾರೀಲಿ ಒಡೀಬೇಡ."

ಸಂಜೆಯ ಬಿಸಿಲು ಇನ್ನೂ ಬೀದಿಯಲ್ಲಿತ್ತು. ಟುಸ್ಸಿ ಬಲೂನನ್ನು ಎದೆಗೊತ್ತಿಕೊಂಡು ನಡೆದಳು. ಚಿವುಟಿ ಹಿಡಿಯಬೇಕಾದ ಕೆಲಸವಿಲ್ಲದೆ ಬೆರಳುಗಳಿಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ತಾತ ಕಿಟಕಿಯ ಪಕ್ಕದಲ್ಲಿ ಎಂದಿನಂತೆ ಕೂತಿದ್ದ. ಅಮ್ಮ ಒಳಗಿನಿಂದಲೇ, "ಏನಾಯ್ತೇ?" ಎಂದು ಕೂಗಿದಳು. "ನಾಳೆ ಬೇಗ ಹೋಗ್ಬೇಕು," ಎಂದಳು ಟುಸ್ಸಿ. ಒಲೆಯ ಹತ್ತಿರ ಅಮ್ಮ ಉಸಿರು ಬಿಟ್ಟದ್ದು ಇಲ್ಲಿಗೆ ಕೇಳಿಸಿತು. ತಾತನಿಗೆ ಅದೇನೂ ಕೇಳಿಸಿರಲಿಲ್ಲ. ಅವನ ಕಣ್ಣು ನೀಲಿ ಬಲೂನಿನ ಮೇಲಿತ್ತು. ಟುಸ್ಸಿ ಅದನ್ನು ಅವನ ಮಡಿಲಿಗಿಟ್ಟಳು.

ತಾತ ಅದನ್ನು ತಿರುಗಿಸಿ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ. ನೆತ್ತಿಯನ್ನು ನೋಡಿದ, ಬುಡವನ್ನು ನೋಡಿದ, ಬೆರಳ ತುದಿಯಿಂದ ತಟ್ಟಿದ. ಅವನ ಬಲಗಾಲು ಪಂಪು ತುಳಿಯುವಂತೆ ಒಮ್ಮೆ ನೆಲಕ್ಕೊತ್ತಿತು. ಆಮೇಲೆ ಅವನ ಹೆಬ್ಬೆರಳಿಗೆ ಗಂಟು ಸಿಕ್ಕಿತು. ಅದರ ಮೇಲೇ ಬಹಳ ಹೊತ್ತು ಬೆರಳಾಡಿಸಿದ.

"ಯಾರು ಹಾಕಿದ್ದು?"

ಟುಸ್ಸಿ ತನ್ನ ಎದೆ ಮುಟ್ಟಿ ತೋರಿಸಿದಳು.

ತಾತ ಬಲೂನನ್ನು ಕೆನ್ನೆಗೆ ತಂದ. ಒಳಗಿನ ಏನನ್ನೋ ಕೇಳಿಸಿಕೊಳ್ಳುವಂತೆ ಕಿವಿಗಿಟ್ಟುಕೊಂಡ. ಮುದಿಮುಖ ಒಂದು ಗಳಿಗೆ ನೀಲಿಯಾಯಿತು. "ಏನನ್ನತ್ತೆ?" ಎಂದು ಕೇಳಿದ, ತುಟಿ ಅಲುಗಿಸದೆ.

ಅವಳು ಕೆಳಗೆ ಕೂತು ಅವನ ಮಣಿಕಟ್ಟಿನ ಮೇಲೆ ಕೈಯಿಟ್ಟಳು. ತಾತ ಕಾದ. ಅವಳು ಒಂದು ಬೆರಳನ್ನೂ ಅಲುಗಿಸಲಿಲ್ಲ. ಕೈ ಹಾಗೇ ಇತ್ತು.

ಸ್ವಲ್ಪ ಹೊತ್ತಿನ ಮೇಲೆ ತಾತ ಎದ್ದ. ಬಲೂನನ್ನು ಕುರ್ಚಿಯ ಮೇಲೆ, ತಾನು ಕೂತಿದ್ದ ಜಾಗದಲ್ಲೇ ಇಟ್ಟ. ಗಾಳಿಗೆ ಅದು ಮೆಲ್ಲಗೆ ಹೊರಳುವುದನ್ನು ನೋಡಿ, ಕುರ್ಚಿಯನ್ನು ಕಿಟಕಿಯಿಂದ ಒಂದಷ್ಟು ಈಚೆಗೆ ಎಳೆದ. ಅಮ್ಮನ ಹೊಲಿಗೆಯ ಡಬ್ಬಿಯನ್ನು ಎತ್ತಿ ಕಪಾಟಿನೊಳಗಿಟ್ಟ. ಕಿಟಕಿಯ ಒಂದು ಬಾಗಿಲು ಮುಚ್ಚಿದ. ಆಮೇಲೆ ಜೇಬಿನಿಂದ ಕರವಸ್ತ್ರ ತೆಗೆದು ಝಾಡಿಸಿ, ಗೋಡೆಯ ಮೊಳೆಗೆ ಒಂದು ಸುತ್ತು, ಇನ್ನೊಂದು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿದ. ಅಂಗೈಯಿಂದ ಒತ್ತಿ ನೋಡಿದ. ಚುಚ್ಚುತ್ತದೆಯೇ ಎಂದು ಮತ್ತೊಮ್ಮೆ ಒತ್ತಿ ನೋಡಿದ.